ಬಾಲಾಚಡಿಯ ಬಾಪು

ರಣಜಿ ಟ್ರೋಫಿಯ ಹೆಸರು ಕೇಳದವರು ನಮ್ಮಲ್ಲಿ ವಿರಳ. ಆ ರಣಜಿತ್‌ಸಿಂಹಜಿಯವರ ಸೋದರನ ಮಗ ದಿಗ್ವಿಜಯಸಿಂಹಜಿಯವರನ್ನು ಬಲ್ಲವರು ಕಡಿಮೆ. 1895ರಲ್ಲಿ ಜನಿಸಿದ ಇವರು 1933ರಲ್ಲಿ ಗುಜರಾತಿನ ನವಾನಗರ ಸಂಸ್ಥಾನದ ಅರಸರಾಗಿ ಜಾಮ್ ಸಾಹೇಬ್ ಎಂಬ ಬಿರುದು ಧರಿಸಿದರು.

1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಎರಡೂ ಕಡೆಯಿಂದ ಪೋಲೆಂಡನ್ನು ಆಕ್ರಮಿಸಿದವು. ಸೋವಿಯತ್ ಅಧಿಕಾರಿಗಳು ಲಕ್ಷಾಂತರ ಪೋಲಿಷ್ ಜನರನ್ನು ಸೈಬೀರಿಯ, ಕಜಕಸ್ತಾನಗಳಿಗೆ ಗಡೀಪಾರು ಮಾಡಿದರು. 1941ರ ಒಪ್ಪಂದದ ಬಳಿಕ ಬಿಡುಗಡೆಯಾದಾಗ ಅನೇಕ ಮಕ್ಕಳಿಗೆ ತಂದೆತಾಯಿ ಉಳಿದಿರಲಿಲ್ಲ. ಹಸಿವು, ಜ್ವರಗಳಿಂದ ಕಂಗೆಟ್ಟ ಈ ಮಕ್ಕಳನ್ನು ಸೇರಿಸಿಕೊಳ್ಳುವವರು ಯಾರು?

ಜಾಮ್ ಸಾಹೇಬರು ಮುಂದೆ ಬಂದರು. ಅಶ್ಗಾಬಾದ್‌ನಿಂದ ಲಾರಿಗಳಲ್ಲಿ ಹೊರಟ ಮಕ್ಕಳು ಇರಾನಿನ ಗಡಿ ದಾಟಿ, ಮಷದ್, ಜಾಹೆದಾನ್, ಕ್ವೆಟ್ಟಾ ಮಾರ್ಗವಾಗಿ ಭಾರತ ಸೇರಿ, ಮುಂಬೈಯ ಬಾಂದ್ರಾದಲ್ಲಿ ಕೆಲಕಾಲ ತಂಗಿದರು. ಜಾಮ್‌ನಗರದ ಬಳಿ ಬಾಲಾಚಡಿಯ ಕಡಲ ತೀರದಲ್ಲಿ, ಅರಸರ ಬೇಸಿಗೆ ಅರಮನೆಯ ಸಮೀಪ, 1942ರಲ್ಲಿ ಅವರಿಗಾಗಿ ಶಿಬಿರ ಸಿದ್ಧವಾಯಿತು. ಇನ್ನು ಮುಂದೆ ತಮ್ಮನ್ನೇ ತಂದೆಯೆಂದು ಭಾವಿಸುವಂತೆ ಅವರು ಮಕ್ಕಳಿಗೆ ಹೇಳಿದರು. ಮಕ್ಕಳು ಅವರನ್ನು ಬಾಪು ಎಂದೇ ಕರೆದರು.

ಅರಸರು ಹಿಂದೂ, ಮಕ್ಕಳಲ್ಲಿ ಹೆಚ್ಚಿನವರು ಕಥೋಲಿಕರು. ಆದರೂ ಆಶ್ರಯಕ್ಕೆ ಪ್ರತಿಯಾಗಿ ಅವರಿಂದ ಏನನ್ನೂ ಬಿಡಿಸಲಿಲ್ಲ. ಶಿಬಿರದಲ್ಲಿ ಪ್ರಾರ್ಥನಾಲಯವಿತ್ತು, ಪೋಲಿಷ್ ಭಾಷೆಯ ಪಾಠವಿತ್ತು, ಪೋಲೆಂಡಿನ ಧ್ವಜ ಹಾರಾಡುತ್ತಿತ್ತು. ಶಿಬಿರದ ಹೊಣೆ ಪೋಲಿಷ್ ಗುರು ಫಾದರ್ ಫ್ರಾನ್ಸಿಷೆಕ್ ಪ್ಲುಟಾ ಅವರದಾಗಿತ್ತು. ಮಕ್ಕಳ ನಾಟಕ ನೋಡಲು ಸ್ವತಃ ಮಹಾರಾಜರೇ ಬರುತ್ತಿದ್ದರು. ಅವರ ಮಾತಿಗೆ ಓಗೊಟ್ಟು ಇತರ ಸಂಸ್ಥಾನಿಕರೂ ಧನಸಹಾಯ ನೀಡಿದರು.

ಯುದ್ಧ ಮುಗಿದಾಗ ಇನ್ನೊಂದು ಭಯ ಎದುರಾಯಿತು. ಪೋಲೆಂಡು ಕಮ್ಯುನಿಸ್ಟರ ಹಿಡಿತದಲ್ಲಿತ್ತು. ಅನಾಥ ಮಕ್ಕಳನ್ನು ಬಲವಂತವಾಗಿ ಅಲ್ಲಿಗೆ ಕಳುಹಿಸದಂತೆ ಜಾಮ್ ಸಾಹೇಬರು, ಫಾದರ್ ಪ್ಲುಟಾ ಹಾಗೂ ಒಬ್ಬ ಬ್ರಿಟಿಷ್ ಅಧಿಕಾರಿ ಜೊತೆಗೂಡಿ ಅವರನ್ನು ದತ್ತು ಪಡೆದರು. ಅಂದು ತಂದೆಯೆಂದು ಆಡಿದ ಮಾತು ಈಗ ಕಾಗದದ ಮೇಲೂ ನಿಜವಾಯಿತು. 1946ರಲ್ಲಿ ಶಿಬಿರ ಮುಚ್ಚಿತು. ಮಕ್ಕಳಲ್ಲಿ ಹಲವರು ಕೊಲ್ಹಾಪುರದ ಬಳಿಯ ವಳಿವಡೆ ಶಿಬಿರಕ್ಕೆ, ಅಲ್ಲಿಂದ ಬೇರೆ ಬೇರೆ ದೇಶಗಳಿಗೆ ತೆರಳಿದರು.

ಜಾಮ್ ಸಾಹೇಬರು 1966ರಲ್ಲಿ ನಿಧನರಾದರು. ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲಷ್ಟೇ ಪೋಲೆಂಡು ಅವರನ್ನು ಬಹಿರಂಗವಾಗಿ ಗೌರವಿಸಿತು. ಇಂದು ವಾರ್ಸಾ ನಗರದಲ್ಲಿ ಒಳ್ಳೆಯ ಮಹಾರಾಜನ ಹೆಸರಿನ ಚೌಕವಿದೆ. ಬಾಲಾಚಡಿಯಲ್ಲಿ ಈಗ ಸೈನಿಕ ಶಾಲೆಯಿದೆ.

ಮನೆ ಬಾಗಿಲಿಗೆ ಬಂದ ಪರದೇಶಿಗೆ ಒಂದು ಹೊತ್ತಿನ ಅನ್ನ ಇಡುವವರು ಅನೇಕರು. ಅವನ ಭಾಷೆ, ದೇವರು, ತಾಯ್ನಾಡಿನ ನೆನಪುಗಳಿಗೂ ಜಾಗ ಕೊಟ್ಟು ಕಾಯುವುದು ಹೇಗೆಂದು ಈ ಅರಸರು ತೋರಿಸಿಕೊಟ್ಟರು.