ಇಂಗ್ಲಿಷ್ ಪ್ರಾಸದ ಗುಟ್ಟರಿತು ಕನ್ನಡಕ್ಕೆ ಹೊಸ ಹಾಡು ಕೊಟ್ಟ ಬಿ.ಎಂ.ಶ್ರೀ

ಬಳ್ಳಾರಿ: ಬ್ರಿಟಿಷ್ ದಂಡಿನ ನೆರಳಿನಲ್ಲಿ ಬೆಳೆದ ಇಲ್ಲಿನ ಕೌಲ್ ಬಜಾರ್‌ಗೆ ಇಂಗ್ಲಿಷ್ ನುಡಿ ಬಹಳ ಹಿಂದೆಯೇ ಪರಿಚಿತ. ಇದೇ ಊರಿನ ಲಂಡನ್ ಮಿಷನ್‌ನಲ್ಲಿ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಇಂಗ್ಲಿಷ್ ಪದಗಳ ಅರ್ಥ ಕನ್ನಡಿಗರಿಗೆ ಹೀಗೆ ಎಟುಕಿತು. ಆದರೆ ಆ ಪದಗಳ ನಾದ, ಸಾಲಿನ ಕೊನೆಯಲ್ಲಿ ಅವು ಒಂದನ್ನೊಂದು ಕರೆಯುವ ಬಗೆ ಕನ್ನಡ ಕಾವ್ಯಕ್ಕೆ ಒಗ್ಗಲು ಹೆಚ್ಚುಕಡಿಮೆ ಇನ್ನೊಂದು ಶತಮಾನವೇ ಬೇಕಾಯಿತು. ಆ ಕಾರ್ಯದಲ್ಲಿ ಮೊದಲು ನೆನಪಾಗುವ ಹೆಸರು ಬಿ.ಎಂ. ಶ್ರೀಕಂಠಯ್ಯ.

ಬೆಳ್ಳೂರು ಮನೆತನದ ಮೈಲಾರಯ್ಯ ಮತ್ತು ಭಾಗೀರಥಮ್ಮ ದಂಪತಿಯ ಮಗನಾಗಿ ಶ್ರೀಕಂಠಯ್ಯ 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು ಹಾಗೂ ಮದರಾಸಿನಲ್ಲಿ ವಿದ್ಯಾಭ್ಯಾಸ ನಡೆಯಿತು. ಕಾನೂನು ಪದವಿಯೂ ಕೈಯಲ್ಲಿತ್ತು. ಆದರೂ ಅವರು ಆರಿಸಿಕೊಂಡದ್ದು ಅಧ್ಯಾಪಕ ವೃತ್ತಿಯನ್ನು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಬೋಧಿಸತೊಡಗಿದರು.

ಅಂದು ವಿದ್ಯಾವಂತರ ಮನೆಗಳಲ್ಲಿ ಇಂಗ್ಲಿಷಿಗೆ ಮಣೆ, ಕನ್ನಡಕ್ಕೆ ಮೂಲೆ. ಇಂಗ್ಲಿಷನ್ನೇ ನಂಬಿ ಬದುಕುತ್ತಿದ್ದ ಅಧ್ಯಾಪಕರೊಬ್ಬರು ಕನ್ನಡದ ಪರವಾಗಿ ನಿಂತದ್ದು ಆದ್ದರಿಂದಲೇ ಅಪರೂಪದ ಸಂಗತಿ. 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಅವರು ನೀಡಿದ ಉಪನ್ಯಾಸ ನಾಡಿನ ಗಮನ ಸೆಳೆಯಿತು. ಇಂಗ್ಲಿಷನ್ನು ದೂರವಿಡುವುದು ಅವರ ದಾರಿಯಾಗಿರಲಿಲ್ಲ. ಅದರ ಸತ್ವವನ್ನು ಹೀರಿ ಕನ್ನಡವನ್ನು ಬೆಳೆಸಬೇಕೆಂಬುದು ಅವರ ನಿಲುವಾಗಿತ್ತು.

ಆದರೆ ದಾರಿಗೆ ಅಡ್ಡವಾಗಿ ನಿಂತದ್ದು ಪ್ರಾಸ. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ನಿಯಮವಿತ್ತು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಅದಕ್ಕೆ ಆರು ಭೇದಗಳು. ಈ ಕಟ್ಟಿಗೆ ಸಿಕ್ಕ ಕವಿ ಬೇಕಾದ ಪದವನ್ನು ಬಿಟ್ಟು, ಅಕ್ಷರಕ್ಕೆ ಹೊಂದುವ ಪದವನ್ನು ಹುಡುಕಬೇಕಾಗುತ್ತಿತ್ತು. ಮಂಜೇಶ್ವರದ ಗೋವಿಂದ ಪೈ 1911ರಲ್ಲೇ ಈ ನಿಯಮವನ್ನು ಮುರಿದಿದ್ದರು. ಸಂಪ್ರದಾಯವಾದಿಗಳಿಗೆ ಅದು ರುಚಿಸಲಿಲ್ಲ.

ಇಂಗ್ಲಿಷಿನ ಪ್ರಾಸ ಇರುವುದು ಸಾಲಿನ ತುದಿಯಲ್ಲಿ. ಒತ್ತು ಬೀಳುವ ಸ್ವರದಿಂದ ಪದದ ಕೊನೆಯವರೆಗೆ ಉಚ್ಚಾರಣೆ ಹೊಂದಬೇಕು. ಕಾಗುಣಿತ ಹೊಂದಿದರೆ ಸಾಲದು. 'ಲೈಟ್' ಮತ್ತು 'ನೈಟ್' ಪ್ರಾಸಪದಗಳು. 'ಲವ್' ಮತ್ತು 'ಮೂವ್' ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಇಂದಿನ ಉಚ್ಚಾರಣೆಯಲ್ಲಿ ಕಿವಿಗೆ ಬೇರೆ. ಅರ್ಥದ ಸೊಗಸೂ ಇಲ್ಲಿಯೇ ಇದೆ. ಬೆಳಕು, ಇರುಳು ಎಂಬ ವಿರುದ್ಧ ಅರ್ಥದ ಪದಗಳನ್ನು ಒಂದೇ ನಾದ ಜೋಡಿಸಿದಾಗ ಓದುಗರ ಮನಸ್ಸು ಎರಡನ್ನೂ ಒಟ್ಟಿಗೆ ತೂಗುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಬಂದನು, ನಿಂದನು ಎಂದು ಪ್ರತ್ಯಯಗಳಿಂದಲೇ ಅಂತ್ಯಪ್ರಾಸ ಕಟ್ಟುವುದು ಸುಲಭ. ಅಷ್ಟೇ ಬೇಗ ಅದು ಸಪ್ಪೆಯಾಗುತ್ತದೆ. ಆದ್ದರಿಂದ ಇಂಗ್ಲಿಷ್ ಪ್ರಾಸವನ್ನು ಹಾಗೆಯೇ ಎತ್ತಿ ತರುವುದರಿಂದ ಫಲವಿರಲಿಲ್ಲ. ಶ್ರೀಯವರು ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಹೊಂದಿಸಿ, ಭಾವಕ್ಕೆ ತಕ್ಕ ನಡೆಯನ್ನು ಮೊದಲು ರೂಪಿಸಿದರು. ಪ್ರಾಸ ಆ ನಡೆಗೆ ಒಡವೆಯಾಯಿತೇ ಹೊರತು ಬೇಡಿಯಾಗಲಿಲ್ಲ.

ಈ ಪ್ರಯೋಗದ ಫಲವೇ 1926ರ 'ಇಂಗ್ಲಿಷ್ ಗೀತಗಳು'. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದವರ ಕವನಗಳು ಅದರಲ್ಲಿ ಕನ್ನಡದ ಉಡುಗೆ ತೊಟ್ಟವು. ಕ್ಯಾಂಬೆಲ್ ಬರೆದ ಸ್ಕಾಟ್ಲೆಂಡಿನ ಕಥನಗೀತೆ 'ಕಾರಿ ಹೆಗ್ಗಡೆಯ ಮಗಳು' ಆಗಿ ನಮ್ಮದೇ ನೆಲದ ಕಥೆಯಾಯಿತು. ಥಾಮಸ್ ಹುಡ್‌ನ ಶೋಕಗೀತೆ 'ದುಃಖಸೇತು'ವಾಯಿತು. ನ್ಯೂಮನ್ ರಚಿಸಿದ, ಗಾಂಧೀಜಿಗೆ ಪ್ರಿಯವಾಗಿದ್ದ ಪ್ರಾರ್ಥನೆ ಐದು ಮಾತ್ರೆಗಳ ನಡೆಯಲ್ಲಿ 'ಕರುಣಾಳು ಬಾ ಬೆಳಕೆ' ಆಗಿ ಇಂದಿಗೂ ಶಾಲೆಗಳಲ್ಲಿ ಮೊಳಗುತ್ತಿದೆ. ಇದು ಅನುವಾದವೆಂಬುದೇ ಹಾಡುವ ಎಷ್ಟೋ ಮಕ್ಕಳಿಗೆ ತಿಳಿದಿರಲಾರದು.

ಅದೇ 1926ರಲ್ಲಿ ಬಳ್ಳಾರಿಯು ಫ.ಗು. ಹಳಕಟ್ಟಿ ಅವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಂಡಿತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ಈ ಗಡಿನಾಡಿಗೂ ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕರಿಗೂ ಇದ್ದ ಚಿಂತೆ ಒಂದೇ: ಕನ್ನಡ ಉಳಿದು ಬೆಳೆಯಬೇಕು. ಎರಡು ವರ್ಷಗಳ ತರುವಾಯ, 1928ರಲ್ಲಿ ಕಲಬುರಗಿ ಸಮ್ಮೇಳನದ ಅಧ್ಯಕ್ಷ ಪೀಠ ಶ್ರೀಯವರಿಗೇ ಒಲಿಯಿತು.

ಗ್ರೀಕ್ ದುರಂತ ನಾಟಕಗಳ ಗಾಂಭೀರ್ಯವನ್ನೂ ಅವರು 'ಅಶ್ವತ್ಥಾಮನ್', 'ಪಾರಸಿಕರು' ನಾಟಕಗಳ ಮೂಲಕ ಕನ್ನಡಕ್ಕೆ ತಂದರು. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿಯೂ, ಕನ್ನಡ ಸಾಹಿತ್ಯ ಪರಿಷತ್ತಿನ ಪದಾಧಿಕಾರಿಯಾಗಿಯೂ ದುಡಿದರು. ನಿವೃತ್ತಿಯ ಬಳಿಕವೂ ವಿಶ್ರಾಂತಿ ಬಯಸದೆ ಧಾರವಾಡದಲ್ಲಿ ಕಾಲೇಜೊಂದರ ಪ್ರಾಂಶುಪಾಲರಾದರು. ಕನ್ನಡಕ್ಕಾಗಿ ದನಿ ಎತ್ತಿದ್ದ ಆ ಊರಿನಲ್ಲಿಯೇ 1946ರ ಜನವರಿ 5ರಂದು ಅವರು ಕೊನೆಯುಸಿರೆಳೆದರು.

ಇಂದು ಬಳ್ಳಾರಿಯ ಮಕ್ಕಳೂ ಬೆಂಗಳೂರಿನ ಮಕ್ಕಳೂ ಇಂಗ್ಲಿಷ್ ಶಿಶುಗೀತೆಗಳನ್ನು ಬಾಯಿಪಾಠ ಮಾಡುತ್ತಾರೆ. ನಾದ ನಾಲಗೆಗೆ ಹತ್ತುತ್ತದೆ. ಅರ್ಥ ಹಲವೊಮ್ಮೆ ಹಿಂದೆಯೇ ಉಳಿಯುತ್ತದೆ. ಪ್ರಾಸಪದವನ್ನು ಕಿವಿಯಿಂದ ಕೇಳಿ, ಅರ್ಥವನ್ನು ಮನಸ್ಸಿನಲ್ಲಿ ತೂಗಿ, ಬಳಿಕ ತಾಯ್ನುಡಿಯಲ್ಲಿ ಅದಕ್ಕೊಂದು ಹಾಡು ಹುಡುಕಿದವರು ಶ್ರೀ. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಪೀಳಿಗೆಗೆ ಅವರು ತೋರಿದ ದಾರಿ ಹಳತಾಗಿಲ್ಲ.