ಖೋಟಾ ಪತ್ರದಿಂದ ನೋಟಿನ ಚಿತ್ರಕ್ಕೆ: ಫ್ರಾನ್ಸಿಸ್ ಗ್ರೀನ್‌ವೇ

ಪಾಲಿಮರ್ ನೋಟುಗಳ ಸಂಗ್ರಾಹಕರಿಗೆ ಆಸ್ಟ್ರೇಲಿಯಾದ 1988ರ ಹತ್ತು ಡಾಲರ್ ನೋಟು ಅತಿ ಪ್ರಿಯವಾದುದು. ಈ ಲೇಖನದಲ್ಲಿ ನಾವು ಸ್ಮರಿಸುತ್ತಿರುವುದು ಅದಕ್ಕೂ ಹಿಂದಿನ, ಕಾಗದದ ಹತ್ತು ಡಾಲರ್ ನೋಟಿನ ಮೇಲಿದ್ದ ಮಹನೀಯರನ್ನು. ಅವರೇ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ. ಖೋಟಾ ಪತ್ರ ಸೃಷ್ಟಿಸಿದ ಅಪರಾಧಕ್ಕಾಗಿ ಒಮ್ಮೆ ಮರಣದಂಡನೆಗೆ ಗುರಿಯಾಗಿದ್ದವರ ಚಿತ್ರವನ್ನು ಒಂದು ದೇಶ ತನ್ನ ನೋಟಿನ ಮೇಲೆ ಅಚ್ಚು ಹಾಕಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಗ್ರೀನ್‌ವೇ ಜನಿಸಿದ್ದು 1777ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಸಮೀಪದ ಮ್ಯಾಂಗೊಟ್ಸ್‌ಫೀಲ್ಡ್‌ನಲ್ಲಿ. ಕಟ್ಟಡ ನಿರ್ಮಾಣವೇ ಅವರ ವೃತ್ತಿ. 1809ರಲ್ಲಿ ದಿವಾಳಿಯಾದ ಅವರು, ಮನೆಯೊಂದರ ನಿರ್ಮಾಣದ ಕರಾರಿಗೆ ಸಂಬಂಧಿಸಿದ ಪತ್ರವನ್ನು ಖೋಟಾ ಮಾಡಿದ ಆರೋಪಕ್ಕೆ ಒಳಗಾಗಿ, 1812ರಲ್ಲಿ ತಪ್ಪೊಪ್ಪಿಕೊಂಡರು. ಮರಣದಂಡನೆ ಹದಿನಾಲ್ಕು ವರ್ಷಗಳ ಗಡೀಪಾರಿಗೆ ಇಳಿಯಿತು. 1814ರ ಫೆಬ್ರುವರಿಯಲ್ಲಿ ಅವರು ಕೈದಿಯಾಗಿ ಸಿಡ್ನಿಯ ದಡ ಸೇರಿದರು.

ಅಲ್ಲಿ ಅವರ ಭಾಗ್ಯದ ಬಾಗಿಲು ತೆರೆದವರು ಗವರ್ನರ್ ಲ್ಯಾಕ್ಲನ್ ಮಕ್ವಾರಿ. ಈ ಮಕ್ವಾರಿ ಕನ್ನಡ ನಾಡಿಗೆ ಅಪರಿಚಿತರಲ್ಲ. ಮುಂಬಯಿ ಸೈನ್ಯದಲ್ಲಿದ್ದು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ಅಧಿಕಾರಿಯೇ ಅವರು. ಶಿಕ್ಷೆಗೊಳಗಾದವರಿಗೂ ಬಾಳನ್ನು ಮರಳಿ ಕಟ್ಟಿಕೊಳ್ಳಲು ಅವಕಾಶ ಸಿಗಬೇಕೆಂಬುದು ಅವರ ನಿಲುವಾಗಿತ್ತು. 1816ರಲ್ಲಿ ಅವರು ಗ್ರೀನ್‌ವೇಯವರನ್ನು ಸರಕಾರಿ ವಾಸ್ತುಶಿಲ್ಪಿಯ ಹುದ್ದೆಗೆ ನೇಮಿಸಿದರು. ಸಿಡ್ನಿ ಬಂದರಿನ ದಕ್ಷಿಣ ತುದಿಯ ದೀಪಸ್ತಂಭ ಮೇಲೆದ್ದಾಗ, 1817ರಲ್ಲಿ, ಷರತ್ತುಬದ್ಧ ಕ್ಷಮೆ ದೊರೆಯಿತು. ಕೈದಿಗಳ ವಸತಿಗಾಗಿ ಕಟ್ಟಿದ ಹೈಡ್ ಪಾರ್ಕ್ ಬ್ಯಾರಕ್ಸ್ 1819ರಲ್ಲಿ ಸಿದ್ಧವಾದಾಗ ಪೂರ್ಣ ಕ್ಷಮೆಯೂ ಲಭಿಸಿತು. ವಿಂಡ್ಸರ್‌ನ ಸೇಂಟ್ ಮ್ಯಾಥ್ಯೂ ಮತ್ತು ಸಿಡ್ನಿಯ ಸೇಂಟ್ ಜೇಮ್ಸ್ ಚರ್ಚುಗಳೂ ಅವರ ಕೃತಿಗಳೇ.

ಆದರೆ ಸ್ವಭಾವದಲ್ಲಿ ಗ್ರೀನ್‌ವೇ ಅಹಂಭಾವಿ, ಜಗಳಗಂಟ. ಮಕ್ವಾರಿಯವರೊಡನೆಯೂ ಸಂಭಾವನೆಗಾಗಿ ಕಲಹವಾಯಿತು. ಹೊಸ ಗವರ್ನರ್ ಬಂದ ಮೇಲೆ, 1822ರಲ್ಲಿ, ಹುದ್ದೆ ಕೈತಪ್ಪಿತು. ಬಡತನದಲ್ಲಿ ದಿನಗಳೆದ ಅವರು 1837ರಲ್ಲಿ ಈಸ್ಟ್ ಮೇಟ್‌ಲ್ಯಾಂಡ್ ಬಳಿ ಕೊನೆಯುಸಿರೆಳೆದರು. ಅಷ್ಟೊಂದು ಕಲ್ಲುಕಟ್ಟಡಗಳನ್ನು ಎಬ್ಬಿಸಿದವರ ಸಮಾಧಿಗೆ ಒಂದು ಗುರುತಿನ ಕಲ್ಲೂ ಇರಲಿಲ್ಲ.

1966ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ಡಾಲರಿಗೆ ಬದಲಾದಾಗ, ಹತ್ತರ ನೋಟಿನ ಮೇಲೆ ಗ್ರೀನ್‌ವೇಯವರ ಚಿತ್ರ ಮೂಡಿತು. ವಿಧಿಯ ಲೀಲೆ ನೋಡಿ! ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಹತ್ತರ ನೋಟಿನ ಖೋಟಾ ಪ್ರತಿಗಳು ಪತ್ತೆಯಾದವು. ಎಚ್ಚೆತ್ತ ರಿಸರ್ವ್ ಬ್ಯಾಂಕು ಸಿ.ಎಸ್.ಐ.ಆರ್.ಓ. ವಿಜ್ಞಾನಿಗಳ ನೆರವು ಕೋರಿತು. ಡೇವಿಡ್ ಸಾಲಮನ್ ಮೊದಲಾದವರ ದೀರ್ಘ ಶ್ರಮದ ಫಲವೇ 1988ರ ಪಾಲಿಪ್ರೊಪಿಲೀನ್ ನೋಟು. ಅದರ ಪಾರದರ್ಶಕ ಕಿಟಕಿಯಲ್ಲಿ, ನೋಟನ್ನು ಓರೆ ಮಾಡಿದಂತೆ ಬಣ್ಣ ಬದಲಿಸುವ ಕ್ಯಾಪ್ಟನ್ ಕುಕ್‌ರ ಚಿತ್ರವಿತ್ತು. ಛಾಯಾಪ್ರತಿ ಯಂತ್ರ ಮೇಲ್ಮೈಯ ಬಣ್ಣವನ್ನು ನಕಲು ಮಾಡಬಲ್ಲುದು. ಆರಪಾರ ಕಾಣುವ ಕಿಟಕಿಯನ್ನೂ ಓರೆ ಮಾಡಿದಾಗ ಹೊಮ್ಮುವ ಹೊಳಪನ್ನೂ ಅದು ನಕಲು ಮಾಡಲಾರದು. 1993ರಲ್ಲಿ ಹತ್ತರ ಹೊಸ ಪಾಲಿಮರ್ ನೋಟು ಬ್ಯಾಂಜೊ ಪ್ಯಾಟರ್ಸನ್ ಮತ್ತು ಮೇರಿ ಗಿಲ್ಮೋರ್ ಎಂಬ ಇಬ್ಬರು ಕವಿಗಳ ಚಿತ್ರಗಳೊಂದಿಗೆ ಬಂದಿತು. ಗ್ರೀನ್‌ವೇ ನೋಟಿನಿಂದ ಮರೆಯಾದರು.

ಅವರು ಕಟ್ಟಿದ್ದು ಮಾತ್ರ ಮರೆಯಾಗಲಿಲ್ಲ. ಹೈಡ್ ಪಾರ್ಕ್ ಬ್ಯಾರಕ್ಸ್ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಂಗ್ರಾಹಕ ಮಿತ್ರರಲ್ಲಿ ನಮ್ಮದೊಂದು ವಿನಂತಿ: 1988ರ ನೋಟನ್ನು ಆಲ್ಬಮ್‌ನಲ್ಲಿ ಇರಿಸುವಾಗ ಅದರ ಪಕ್ಕದಲ್ಲಿ 1966ರ ಆ ಕಾಗದದ ನೋಟನ್ನೂ ಇರಿಸಿ. ನಕಲಿಗೆ ಜಗ್ಗದ ನೋಟು ಹುಟ್ಟಿದ್ದೇಕೆಂಬುದನ್ನು ಮೊದಲನೆಯದಕ್ಕೆ ಎರಡನೆಯದು ಹೇಳುತ್ತದೆ. ಒಂದು ತಪ್ಪಿನಿಂದಲೇ ಮನುಷ್ಯನ ಬೆಲೆ ಕಟ್ಟಲಾಗದೆಂಬುದನ್ನು ನಮಗೆ ಹೇಳುತ್ತದೆ.