ಐದೇ ಮತದಿಂದ ಗೆದ್ದು ಕೋಟಿ ಕೋಟಿ ಜನರ ಲೆಕ್ಕ ಕೇಳಿದ ದಾದಾಭಾಯಿ ನವರೋಜಿ

1892ರ ಜುಲೈ ತಿಂಗಳು. ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಲ್ಲಿ ಮತ ಎಣಿಕೆ ಮುಗಿದಾಗ ಲಿಬರಲ್ ಪಕ್ಷದ ಅಭ್ಯರ್ಥಿ ಬರೀ ಮೂರು ಮತ ಮುಂದಿದ್ದರು. ಮರು ಎಣಿಕೆಯಲ್ಲಿ ಅದು ಐದಾಯಿತು. ಅಷ್ಟೇ ಸಾಕಾಯ್ತು. ಮುಂಬೈಯ ಬಡ ಪಾರ್ಸಿ ಪುರೋಹಿತ ಮನೆತನದ 66 ವರ್ಷದ ದಾದಾಭಾಯಿ ನವರೋಜಿ ಬ್ರಿಟಿಷ್ ಸಂಸತ್ತಿನ ಸದಸ್ಯರಾದರು. ಅವರ ಹೆಸರು ಉಚ್ಚರಿಸಲು ಬಾರದ ಇಂಗ್ಲಿಷರು ತಮಾಷೆಗೆ ಅವರನ್ನು 'ನ್ಯಾರೋ ಮೆಜಾರಿಟಿ' ಅಂತ ಕರೆದರು. ಬೈಬಲ್ ಬದಲು ತಮ್ಮ ಧರ್ಮದ ಖೋರ್ದೆ ಅವೆಸ್ತಾ ಹಿಡಿದು ಅವರು ಪ್ರಮಾಣವಚನ ಸ್ವೀಕರಿಸಿದರು.

ದಾದಾಭಾಯಿ ಹುಟ್ಟಿದ್ದು 1825ರ ಸೆಪ್ಟೆಂಬರ್ 4ರಂದು. ನಾಲ್ಕನೇ ವಯಸ್ಸಿಗೇ ತಂದೆ ತೀರಿಕೊಂಡರು. ತಾಯಿ ಮಾಣೆಕ್‌ಬಾಯಿ ಕಷ್ಟಪಟ್ಟು ಸಾಕಿ ಓದಿಸಿದರು. ಶಾಲೆಗೆ ಫೀಸು ಕಟ್ಟಬೇಕಾಗಿದ್ದರೆ ಆ ಹುಡುಗನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಉಚಿತವಾಗಿ ಸಿಕ್ಕಿದ್ದರಿಂದ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯವರೆಗೆ ಓದಿ, ಮುಂದೆ ಅಲ್ಲೇ ಗಣಿತದ ಪ್ರಾಧ್ಯಾಪಕರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರೇ. ಜನರ ದುಡ್ಡಿನಲ್ಲಿ ಓದಿದವನು ಜನರಿಗೆ ಬಾಕಿದಾರ ಎಂಬ ಭಾವನೆ ಅವರಲ್ಲಿ ಕೊನೆಯವರೆಗೂ ಇತ್ತು. ಹೆಣ್ಣುಮಕ್ಕಳಿಗೆ ಶಾಲೆ ತೆರೆಯಲು ಓಡಾಡಿದರು, 1851ರಲ್ಲಿ 'ರಾಸ್ತ್ ಗೋಫ್ತಾರ್' ಪತ್ರಿಕೆ ಶುರುಮಾಡಿದರು.

1855ರಲ್ಲಿ ಅವರು ಕಡಲು ದಾಟಿದ್ದು ದುಡಿಮೆಗಾಗಿ. ಬ್ರಿಟನ್ನಿನಲ್ಲಿ ಮೊದಲ ಭಾರತೀಯ ವ್ಯಾಪಾರ ಸಂಸ್ಥೆ ತೆರೆದ ಕಾಮಾ ಕಂಪನಿಗೆ ಪಾಲುದಾರರಾಗಿ ಹೋದರು. ಕಂಪನಿಯ ಅಫೀಮು, ಮದ್ಯದ ವ್ಯವಹಾರ ಮನಸ್ಸಿಗೆ ಒಗ್ಗಲಿಲ್ಲ, ಮೂರೇ ವರ್ಷಕ್ಕೆ ಬಿಟ್ಟರು. ಆಮೇಲೆ ಸ್ವಂತ ಹತ್ತಿ ವ್ಯಾಪಾರ ಶುರುವಾಯಿತು. 1860ರ ದಶಕದ ಹತ್ತಿ ಕುಸಿತದ ಹೊತ್ತಿನಲ್ಲಿ ಅದೂ ಮುಳುಗಿತು. ಪರದೇಶದಲ್ಲಿ ಕೈ ಸುಟ್ಟುಕೊಳ್ಳುವುದು ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ದೊಡ್ಡ ಕೆಲಸ ಶುರುವಾಗಿದ್ದು ಲೆಕ್ಕದ ಪುಸ್ತಕದಿಂದ. ಭಾರತ ಸುಖವಾಗಿದೆ ಅಂತ ಬ್ರಿಟಿಷ್ ಅಧಿಕಾರಿಗಳು ಹೇಳುತ್ತಿದ್ದ ಕಾಲವದು. ದಾದಾಭಾಯಿ ಸರ್ಕಾರದ್ದೇ ವರದಿಗಳನ್ನು ಮುಂದಿಟ್ಟುಕೊಂಡು ಕೂತರು. ಪ್ರಾಂತ್ಯವಾರು ಬೆಳೆ ಎಷ್ಟು, ಬೆಲೆ ಎಷ್ಟು, ಉಪ್ಪು, ಗಣಿ, ಕೈಗಾರಿಕೆ ಎಷ್ಟು, ಎಲ್ಲ ಕೂಡಿಸಿ ಜನಸಂಖ್ಯೆಯಿಂದ ಭಾಗಿಸಿದರು. 1867-68ರ ಸುಮಾರಿಗೆ ಒಬ್ಬ ಭಾರತೀಯನ ಸರಾಸರಿ ವರಮಾನ ವರ್ಷಕ್ಕೆ ಬರೀ 20 ರೂಪಾಯಿ ಅಂತ ಬಂತು. ಭಾರತೀಯರ ತಲಾ ಆದಾಯದ ಮೊದಲ ಲೆಕ್ಕಗಳಲ್ಲಿ ಇದೂ ಒಂದು.

ಇಪ್ಪತ್ತು ರೂಪಾಯಿಗೆ ಬದುಕಲು ಆಗುತ್ತಾ? ಇದಕ್ಕೂ ಅವರು ಸರ್ಕಾರದ ಕಾಗದಗಳಲ್ಲೇ ಉತ್ತರ ಹುಡುಕಿದರು. ಜೈಲಿನ ಕೈದಿಯ ಊಟ, ಬಟ್ಟೆಗೆ ಆಗುವ ಖರ್ಚು ಎಷ್ಟು? ಹಡಗಿನಲ್ಲಿ ಹೊರದೇಶಕ್ಕೆ ಕರೆದೊಯ್ಯುವ ಕೂಲಿಯಾಳುಗಳಿಗೆ ಜೀವ ಹಿಡಿದಿಡಲು ಇಷ್ಟು ಆಹಾರ ಬೇಕು ಅಂತ ಸರ್ಕಾರಿ ವೈದ್ಯರು ಗೊತ್ತುಮಾಡಿದ ಪ್ರಮಾಣ ಎಷ್ಟು? ಈ ಖರ್ಚಿನ ಪಕ್ಕದಲ್ಲಿ ವರಮಾನವನ್ನು ಇಟ್ಟು ನೋಡಿದರು. ಒಳ್ಳೆಯ ಮಳೆ ಬೆಳೆ ಆದ ವರ್ಷದಲ್ಲೂ ದೇಶದ ದುಡಿಮೆಯಿಂದ ಸಾಮಾನ್ಯ ಮನುಷ್ಯನಿಗೆ ಕೈದಿಯ ಮಟ್ಟದ ಅನ್ನ ಬಟ್ಟೆಯೂ ಸರಿಯಾಗಿ ದಕ್ಕುವಂತಿರಲಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹೋಯ್ತು? ಮಾಲು ರಫ್ತು ಮಾಡಿದ ದೇಶಕ್ಕೆ ಅದರ ಬೆಲೆ ವಾಪಸ್ ಬರಬೇಕು. ಭಾರತ ವರ್ಷ ವರ್ಷವೂ ಆಮದಿಗಿಂತ ಹೆಚ್ಚು ರಫ್ತು ಮಾಡುತ್ತಿದ್ದರೂ ಆ ವ್ಯತ್ಯಾಸದ ಹಣ ಬರುತ್ತಿರಲಿಲ್ಲ. ಅಧಿಕಾರಿಗಳ ಸಂಬಳದ ಉಳಿತಾಯ, ಪಿಂಚಣಿ, ಸಾಲದ ಬಡ್ಡಿ, ಲಂಡನ್ ಕಚೇರಿಯ ಖರ್ಚು ಅಂತ ಅದು ಅಲ್ಲೇ ಉಳಿಯುತ್ತಿತ್ತು. ಅದೇ ಕಾಲದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ಕೂಡ ಲಂಡನ್ ಕಂಪನಿಯ ಕೈಯಲ್ಲಿತ್ತು, ಲಾಭ ಅಲ್ಲಿನ ಷೇರುದಾರರಿಗೆ ಹೋಗುತ್ತಿತ್ತು. ಈ ಸೋರಿಕೆಯನ್ನೇ ದಾದಾಭಾಯಿ 'ಡ್ರೇನ್' ಅಂದರು. ಗಲ್ಫಿನಿಂದ ಊರಿಗೆ ಹಣ ಕಳಿಸುವವನು ತಾನು ಬೆವರು ಸುರಿಸಿ ದುಡಿದ ಸಂಬಳ ಕಳಿಸುತ್ತಾನೆ. ಅಂದು ಭಾರತದಿಂದ ಹೋಗುತ್ತಿದ್ದದ್ದು ಬೇಡ ಅನ್ನಲು ಬಾಯಿಯೇ ಇಲ್ಲದ ರೈತ ಕಟ್ಟಿದ ತೆರಿಗೆ. ಎರಡೂ ಒಂದೇ ಅಲ್ಲ.

ಬರೆದರೆ, ಭಾಷಣ ಮಾಡಿದರೆ ಸಾಲದು, ತೀರ್ಮಾನ ಆಗುವ ಜಾಗದಲ್ಲೇ ಕೂತು ಕೇಳಬೇಕು ಅಂತ ಅವರಿಗೆ ಅನ್ನಿಸಿತು. 1886ರಲ್ಲಿ ಹೋಲ್ಬರ್ನ್ ಕ್ಷೇತ್ರದಿಂದ ನಿಂತು ಸೋತರು. ಎರಡು ವರ್ಷದ ನಂತರ ಪ್ರಧಾನಿ ಲಾರ್ಡ್ ಸಾಲಿಸ್ಬರಿ, ಕಪ್ಪು ಮನುಷ್ಯನನ್ನು ಆರಿಸುವಷ್ಟು ಇಂಗ್ಲಿಷ್ ಮತದಾರ ಇನ್ನೂ ಬದಲಾಗಿಲ್ಲ ಎಂಬ ಅರ್ಥದ ಮಾತಾಡಿದರು. ಆ ಮಾತೇ ತಿರುಗುಬಾಣವಾಯಿತು. ದಾದಾಭಾಯಿ ಹೆಸರು ಇಡೀ ಬ್ರಿಟನ್ನಿಗೆ ಗೊತ್ತಾಯಿತು. ಫ್ಲಾರೆನ್ಸ್ ನೈಟಿಂಗೇಲ್‌ರಂಥವರು ಬೆಂಬಲಕ್ಕೆ ಬಂದರು.

ಫಿನ್ಸ್‌ಬರಿಯ ಮತದಾರರೇನು ಭಾರತಕ್ಕಾಗಿ ಮತ ಹಾಕಿದವರಲ್ಲ. ಕ್ಲರ್ಕೆನ್‌ವೆಲ್ ಬೀದಿಗಳ ಗಡಿಯಾರ ಮಾಡುವವರು, ಒಡವೆ ಕೆಲಸದವರು, ಸಣ್ಣ ಅಂಗಡಿಯವರು ಅವರು. ದಾದಾಭಾಯಿ ಅವರ ಕ್ಲಬ್ಬು, ಸಭೆಗಳಿಗೆ ಹೋಗಿ ಕೂತು ಕಷ್ಟ ಸುಖ ಕೇಳಿದ್ದರು. ಕಾರ್ಮಿಕರ ಹಕ್ಕು, ಐರ್ಲೆಂಡಿನ ಸ್ವಯಮಾಡಳಿತ, ಹೆಂಗಸರಿಗೆ ಮತದಾನ, ಇವೆಲ್ಲದರ ಪರ ಇದ್ದರು. ಆ ಕಾಲದಲ್ಲಿ ಸಂಸದರಿಗೆ ಸಂಬಳ ಇರಲಿಲ್ಲ, ಅದು ಶುರುವಾದದ್ದು 1911ರಲ್ಲಿ. ಓಡಾಟ, ಪತ್ರ, ಚುನಾವಣೆ, ಎಲ್ಲಕ್ಕೂ ಕೈಯಿಂದಲೇ ಅಥವಾ ಸ್ನೇಹಿತರ ನೆರವಿನಿಂದಲೇ ಹಣ ಹೊಂದಿಸಬೇಕಿತ್ತು.

ಹೀಗೆ ಅವರ ಹೆಗಲ ಮೇಲೆ ಎರಡು ಕ್ಷೇತ್ರ ಬಿತ್ತು. ಒಂದು ಮತ ಹಾಕಿದ ಫಿನ್ಸ್‌ಬರಿ. ಇನ್ನೊಂದು, ಒಂದು ಮತವೂ ಇಲ್ಲದ 28 ಕೋಟಿಗೂ ಹೆಚ್ಚು ಜನರ ಭಾರತ. ಐದು ಮತದ ಅಂತರದಲ್ಲಿ ಗೆದ್ದವನು ತನ್ನ ಬೀದಿಯವರನ್ನು ಮರೆತರೆ ಮುಂದಿನ ಸಲ ಮನೆಗೆ ಹೋಗುತ್ತಾನೆ. ಭಾರತವನ್ನು ಮರೆತರೆ ಅಲ್ಲಿ ಹೋಗಿ ಕೂತದ್ದೇ ದಂಡ.

ಐಸಿಎಸ್ ಪರೀಕ್ಷೆ ಆಗ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಭಾರತದ ಹುಡುಗ ಸ್ವಂತ ಊರು ಆಳುವ ಕೆಲಸಕ್ಕೆ ಅರ್ಜಿ ಹಾಕಲು ಸಾವಿರಾರು ಮೈಲಿ ಹಡಗು ಹತ್ತಬೇಕಿತ್ತು. 1893ರ ಜೂನ್ 2ರಂದು, ಭಾರತದಲ್ಲೂ ಒಟ್ಟಿಗೇ ಪರೀಕ್ಷೆ ನಡೆಯಬೇಕು ಎಂಬ ನಿರ್ಣಯ ಸದನದ ಮುಂದೆ ಬಂತು. ಮಂಡಿಸಿದವರು ಹರ್ಬರ್ಟ್ ಪಾಲ್, ಹಿಂದೆ ನಿಂತು ದುಡಿದವರು ದಾದಾಭಾಯಿ. 76ರ ವಿರುದ್ಧ 84 ಮತಗಳಿಂದ ನಿರ್ಣಯ ಗೆದ್ದಿತು. ಆದರೆ ಸರ್ಕಾರ ಜಾರಿ ಮಾಡಲೇ ಇಲ್ಲ. ಭಾರತದಲ್ಲಿ ಆ ಪರೀಕ್ಷೆ ಶುರುವಾದದ್ದು 1922ರಲ್ಲಿ. ಅಷ್ಟರಲ್ಲಿ ಅದನ್ನು ಕೇಳಿದವರು ತೀರಿಕೊಂಡು ಐದು ವರ್ಷವಾಗಿತ್ತು.

1894ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಿಂದ ಗಾಂಧಿ ಎಂಬ ಯುವ ವಕೀಲನ ಪತ್ರ ಬಂತು. ಅಲ್ಲಿ ನೆಲೆಸಿದ ಭಾರತೀಯರ ಮತದಾನದ ಹಕ್ಕು ಕಿತ್ತುಕೊಳ್ಳುವ ಮಸೂದೆ ತಯಾರಾಗಿತ್ತು. ದಾದಾಭಾಯಿ ವಸಾಹತು ಇಲಾಖೆಯ ಬಾಗಿಲು ತಟ್ಟಿದರು. ಮೊದಲ ಮಸೂದೆಗೆ ಲಂಡನ್ ಒಪ್ಪಿಗೆ ಸಿಗಲಿಲ್ಲ. ಆದರೆ 1896ರಲ್ಲಿ ಬೇರೆ ಮಾತುಗಳಲ್ಲಿ ಅದೇ ಕಾನೂನು ಬಂತು. ಆಮೇಲೂ ಗಾಂಧಿಯವರ ಪತ್ರಗಳು ಬರುತ್ತಲೇ ಇದ್ದವು, ದಾದಾಭಾಯಿ ಅವನ್ನು ಇಲಾಖೆಗೆ ಮುಟ್ಟಿಸುತ್ತಲೇ ಇದ್ದರು.

1895ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ನೆಲಕಚ್ಚಿತು, ದಾದಾಭಾಯಿಯೂ ಸೋತರು. ಸಂಸತ್ತಿನಲ್ಲಿ ಕೂತದ್ದು ಮೂರೇ ವರ್ಷ. ಆದರೆ ಅದೇ ವರ್ಷ ನೇಮಕವಾದ, ಭಾರತದ ಖರ್ಚುವೆಚ್ಚ ಪರಿಶೀಲಿಸುವ ವೆಲ್ಬಿ ಆಯೋಗದಲ್ಲಿ ಸದಸ್ಯರಾಗಿ ಮತ್ತೆ ಲೆಕ್ಕ ಕೇಳಿದರು. ಇಡೀ ಜೀವನದ ಲೆಕ್ಕಾಚಾರವನ್ನು 1901ರಲ್ಲಿ ದಪ್ಪ ಪುಸ್ತಕವಾಗಿ ತಂದರು. 1906ರಲ್ಲಿ ಉತ್ತರ ಲ್ಯಾಂಬೆತ್‌ನಿಂದ ಮತ್ತೆ ನಿಂತು ಮತ್ತೆ ಸೋತರು. ಅದೇ ವರ್ಷ, 81ನೇ ವಯಸ್ಸಿನಲ್ಲಿ, ಕಲ್ಕತ್ತಾ ಕಾಂಗ್ರೆಸ್ಸಿಗೆ ಮೂರನೇ ಬಾರಿ ಅಧ್ಯಕ್ಷರಾಗಿ ಬಂದು ಸ್ವರಾಜ್ಯವೇ ಗುರಿ ಅಂತ ಸಾರಿದರು. ಅರ್ಧ ಶತಮಾನ ವಿನಯದಿಂದ ಲೆಕ್ಕ ತೋರಿಸಿದ ಮನುಷ್ಯ ಕೊನೆಗೆ ಬಂದು ನಿಂತ ಜಾಗ ಅದು. ಆಮೇಲೆ ಮುಂಬೈಯ ವರ್ಸೋವಾದಲ್ಲಿ ನೆಲೆಸಿ, 1917ರ ಜೂನ್ 30ರಂದು ತೀರಿಕೊಂಡರು.

ಲಂಡನ್ನಿನ ಆ ಹಳೆಯ ಕ್ಷೇತ್ರದಲ್ಲಿ ಇಂದು ನವರೋಜಿ ಸ್ಟ್ರೀಟ್ ಎಂಬ ಸಣ್ಣ ಬೀದಿಯಿದೆ. ಅವರ ಸಾವಿರಾರು ಪತ್ರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೊರದೇಶದಲ್ಲಿ ದುಡಿಯುವ ಭಾರತೀಯರು ಇಂದು ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಸ್ವಂತ ಮತಗಟ್ಟೆಗೇ ಹೋಗಬೇಕು. ರಜೆ ಸಿಗಲ್ಲ, ಟಿಕೆಟ್ ದುಬಾರಿ, ಹಾಗಾಗಿ ನನ್ನೊಂದು ಮತದಿಂದ ಏನಾಗುತ್ತೆ ಅಂತ ಬಿಟ್ಟುಬಿಡುವವರೇ ಹೆಚ್ಚು. ಫಿನ್ಸ್‌ಬರಿಯಲ್ಲಿ ಬರೀ ಐದು ಜನ ಅವತ್ತು ಹಾಗೆ ಅಂದುಕೊಂಡು ಮನೆಯಲ್ಲೇ ಕೂತಿದ್ದರೆ ದಾದಾಭಾಯಿಗೆ ಆ ಗೆಲುವು ಸಿಗುತ್ತಿರಲಿಲ್ಲ.